ಪದಚರ್ಚೆ: ಅರ್ಧಕ್ಕಿಂತ ಕಡಿಮೆ ಓಟು ಪಡೆದು ಗೆದ್ದರೆ ಅದನ್ನು ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೇನ್ ರಾಜ್ಯದಲ್ಲಿ ಅಧ್ಯಕ್ಷ ಚುನಾವಣೆಯ ಫಲಿತಾಂಶಗಳು ಹೇಗೆ ಬಂದಿವೆ ಅಂತ ಕಾಲೇಜು ಹುಡುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕರಡನ್ನು ಮೊದಲು ಓದಿದವರು ನಮ್ಮಪ್ಪ. ಅವರು ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಎಷ್ಟೋ ಸಲ ಚುನಾವಣೆ ಡ್ಯೂಟಿ ಮಾಡಿದವರು. ನಾಲ್ಕನೇ ಸಾಲಿಗೇ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆ ಸಾಲು ಹೀಗಿತ್ತು: "1992ರಲ್ಲಿ ಬಿಲ್ ಕ್ಲಿಂಟನ್ ಶೇ 38.77ರಷ್ಟು ಮತ ಪಡೆದು ಬಹುಮತದಿಂದ ಗೆದ್ದರು."

"ನಲವತ್ತೂ ಇಲ್ಲ. ಇದೆಂಥ ಬಹುಮತನಮ್ಮ?" ಅಂದರು.

ಅವರು ಕೇಳಿದ್ದು ಸರಿ. ಆ ವರ್ಷ ಮೇನ್‌ನಲ್ಲಿ ಯಾರಿಗೂ ಅರ್ಧ ಸಿಕ್ಕಿರಲಿಲ್ಲ. ಪಕ್ಷೇತರರಾಗಿ ನಿಂತಿದ್ದ ರಾಸ್ ಪೆರೋ ಅವರಿಗೆ ಶೇ 30.44, ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರಿಗೆ ಶೇ 30.39. ಬುಷ್ ಮನೆತನದ ಬೇಸಿಗೆ ಮನೆ ಇರುವುದೇ ಮೇನ್‌ನ ಕೆನ್ನೆಬಂಕ್‌ಪೋರ್ಟ್‌ನಲ್ಲಿ. ಅಂಥ ರಾಜ್ಯದಲ್ಲೇ ಅವರು 316 ಓಟಿನಿಂದ ಮೂರನೇ ಸ್ಥಾನಕ್ಕೆ ಹೋದರು. ರಾಜ್ಯದ ನಾಲ್ಕೂ ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಅಂತ ಇರುವ ಮತ) ಕ್ಲಿಂಟನ್ ಪಾಲಾಯಿತು. ನೂರರಲ್ಲಿ ಅರವತ್ತಕ್ಕೂ ಜಾಸ್ತಿ ಜನ ಬೇರೆಯವರಿಗೆ ಓಟು ಹಾಕಿದ್ದರೂ ಗೆಲುವು ಗೆಲುವೇ.

ಇಂಗ್ಲಿಷಿನಲ್ಲಿ ಇದಕ್ಕೆ ಪ್ಲುರಾಲಿಟಿ ಅನ್ನುತ್ತಾರೆ. ಅರ್ಧ ದಾಟಿದರೆ ಮೆಜಾರಿಟಿ. ಅರ್ಧ ದಾಟದೆ, ಉಳಿದ ಒಬ್ಬೊಬ್ಬರಿಗಿಂತ ಜಾಸ್ತಿ ಪಡೆದರೆ ಪ್ಲುರಾಲಿಟಿ. ನನ್ನ ಪ್ರಶ್ನೆ ಇಷ್ಟೇ: ಈ ಎರಡನೆಯದಕ್ಕೆ ಕನ್ನಡದಲ್ಲಿ ಏನು ಪದ ಬಳಸುತ್ತೀರಿ?

ನಾನು ಹುಡುಕಿದ್ದನ್ನು ಮೊದಲು ಹೇಳಿಬಿಡುತ್ತೇನೆ.

ಅನುವಾದ ಮಾಡುವ ಯಂತ್ರಕ್ಕೆ ಕೊಟ್ಟರೆ "ಬಹುತ್ವ" ಅನ್ನುತ್ತದೆ. ಬಹುತ್ವ ಅಂದರೆ ನಮಗೆ ಹಲವು ಭಾಷೆ, ಹಲವು ಪಂಗಡ ಒಟ್ಟಿಗೆ ಬಾಳುವುದು. "ಕ್ಲಿಂಟನ್ ಬಹುತ್ವದಿಂದ ಗೆದ್ದರು" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಇದನ್ನು ಬಿಟ್ಟುಬಿಡೋಣ.

"ಸರಳ ಬಹುಮತ" ಅನ್ನಬಹುದಲ್ಲ ಅಂತ ಗೆಳತಿಯೊಬ್ಬಳು ಹೇಳಿದಳು. ಮೊದಲು ನನಗೂ ಹಿಡಿಸಿತ್ತು. ಆದರೆ ವಿಧಾನಸಭೆಯ ಸುದ್ದಿ ಓದುವವರಿಗೆ ಸರಳ ಬಹುಮತ ಅಂದರೆ ಅರ್ಧಕ್ಕಿಂತ ಒಂದಾದರೂ ಜಾಸ್ತಿ. ಮೂರನೇ ಎರಡರಷ್ಟು ಬಹುಮತ ಬೇಡ, ಸರಳ ಬಹುಮತ ಸಾಕು ಅನ್ನುವಾಗ ಬರುವ ಪದ ಅದು. 2018ರ ಮೇ ತಿಂಗಳು ನೆನಪಿದೆ ಅಲ್ವಾ? ಬಿಜೆಪಿಗೆ 104 ಸ್ಥಾನ ಬಂದಾಗ ಪತ್ರಿಕೆಗಳು "ಅತಿದೊಡ್ಡ ಪಕ್ಷ" ಅಂತ ಬರೆದವು, ಬಹುಮತ ಅಂತ ಯಾರೂ ಬರೆಯಲಿಲ್ಲ. ಅಂದರೆ ಬಹುಮತದ ಗೆರೆ ಎಲ್ಲಿದೆ ಅನ್ನುವುದು ಕನ್ನಡ ಓದುಗರಿಗೆ ಚೆನ್ನಾಗಿ ಗೊತ್ತು. ಸದನದಲ್ಲಿ ಯಾರಿಗೂ ಅರ್ಧ ಬರದಿದ್ದರೆ ನಮ್ಮ ಹತ್ತಿರ "ಅತಂತ್ರ" ಇದೆ, "ಅತಿದೊಡ್ಡ ಪಕ್ಷ" ಇದೆ. ಒಬ್ಬ ಅಭ್ಯರ್ಥಿ ಹಾಗೆ ಗೆದ್ದರೆ ಮಾತ್ರ ಪದ ಇಲ್ಲ. ನಮ್ಮ ಎಂಎಲ್ಎಗಳು, ಎಂಪಿಗಳು ಎಷ್ಟೋ ಜನ ಹಾಗೇ ಗೆಲ್ಲುತ್ತಾರೆ. ನಾವು "ಇಷ್ಟು ಮತಗಳ ಅಂತರದಿಂದ ಗೆದ್ದರು" ಅಂತ ಬರೆದು ಮುಂದೆ ಹೋಗುತ್ತೇವೆ. ಒಟ್ಟು ಓಟಿನಲ್ಲಿ ಅರ್ಧ ಬಂತೋ ಇಲ್ಲವೋ ಅಂತ ಕೇಳುವ ಅಭ್ಯಾಸವೇ ಇಲ್ಲ. ಪದ ಹುಟ್ಟದೆ ಇರುವುದಕ್ಕೆ ಅದೇ ಕಾರಣ ಇರಬೇಕು ಅಂತ ನನಗನ್ನಿಸುತ್ತದೆ.

ಮುಂದಿನದು "ಅತಿ ಹೆಚ್ಚು ಮತ". ಇದು ಎಲ್ಲರಿಗೂ ಅರ್ಥವಾಗುವ ಮಾತು. ಆದರೆ ಇದರಲ್ಲಿ ಒಂದು ತೊಡಕಿದೆ, ಅದು ಬರೆಯುವಾಗಲೇ ಗೊತ್ತಾಯಿತು. "ಅತಿ ಹೆಚ್ಚು ಮತ ಪಡೆದು ಗೆದ್ದರು" ಅಂದರೆ ಸರಿಯಾದ ಅರ್ಥ ಬರುತ್ತದೆ. "ಅತಿ ಹೆಚ್ಚು ಮತಗಳಿಂದ ಗೆದ್ದರು" ಅಂದ ಕೂಡಲೇ ಭಾರಿ ಅಂತರದ ಗೆಲುವು ಅಂತಾಗಿಬಿಡುತ್ತದೆ. ಆ "ಇಂದ" ಪ್ರತ್ಯಯ ಮತವನ್ನು ಅಂತರ ಮಾಡಿಬಿಡುತ್ತದೆ. ಚುನಾವಣೆ ಕರಪತ್ರಗಳಲ್ಲಿ "ಅತ್ಯಧಿಕ ಮತಗಳಿಂದ ಆರಿಸಿ ತನ್ನಿ" ಅಂತ ಇರುವುದೂ ಇದೇ ಅರ್ಥದಲ್ಲಿ. ಹಾಗಾಗಿ ಕ್ರಿಯಾಪದದ ಜೊತೆ ಇದು ಕೆಲಸ ಮಾಡುತ್ತದೆ, ನಾಮಪದವಾಗಿ ಮಾಡುವುದಿಲ್ಲ. ಕೋಷ್ಟಕದ ತಲೆಬರಹಕ್ಕೆ, ಕಾನೂನಿನ ಮಾತಿಗೆ ನನಗೆ ನಾಮಪದ ಬೇಕು.

ಸುಮ್ನೆ ಬಿಡಿಸಿ ಹೇಳಿದರಾಯಿತು, ಪದ ಯಾಕೆ ಅಂತ ನೀವು ಕೇಳಬಹುದು. ಬೇರೆ ರಾಜ್ಯದ ಬಗ್ಗೆ ಬರೆಯುತ್ತಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಮೇನ್‌ನಲ್ಲಿ ಮಾತ್ರ ಹಾಗೆ ಆಗುವುದಿಲ್ಲ. 2016ರ ಫಲಿತಾಂಶ ನೋಡಿ. ಇಡೀ ರಾಜ್ಯದಲ್ಲಿ ಹಿಲರಿ ಕ್ಲಿಂಟನ್ 3,57,735 ಓಟು ಪಡೆದರು, ಡೊನಾಲ್ಡ್ ಟ್ರಂಪ್ 3,35,593. ಹಿಲರಿಯವರದು ಶೇ 47.83, ಅಂದರೆ ಪ್ಲುರಾಲಿಟಿ. ಆದರೆ ಮೇನ್ 1972ರ ಚುನಾವಣೆಯಿಂದ ತನ್ನ ಎಲೆಕ್ಟೋರಲ್ ಮತಗಳನ್ನು ಒಬ್ಬರಿಗೇ ಕೊಡುವುದನ್ನು ಬಿಟ್ಟಿದೆ. ಇಡೀ ರಾಜ್ಯದಲ್ಲಿ ಗೆದ್ದವರಿಗೆ ಎರಡು, ಅಲ್ಲಿನ ಎರಡು ಸಂಸತ್ ಕ್ಷೇತ್ರಗಳಲ್ಲಿ ಗೆದ್ದವರಿಗೆ ಒಂದೊಂದು. ಮೂರೂ ಕಡೆ ಒಬ್ಬರೇ ಗೆದ್ದರೆ, 1992ರ ಹಾಗೆ, ನಾಲ್ಕೂ ಅವರಿಗೇ. ಎರಡನೇ ಕ್ಷೇತ್ರದಲ್ಲಿ ಟ್ರಂಪ್ ಅವರಿಗೆ ಶೇ 51.26 ಬಂತು. ಅದು ನಿಜವಾದ ಬಹುಮತ. ಪೋರ್ಟ್‌ಲ್ಯಾಂಡ್ ಇರುವ ಒಂದನೇ ಕ್ಷೇತ್ರದಲ್ಲಿ ಹಿಲರಿಯವರಿಗೆ ಬಹುಮತ. ಒಂದೇ ರಾಜ್ಯ, ಒಂದೇ ದಿನ, ಮೂರು ಲೆಕ್ಕ. ಎರಡು ಬಹುಮತ, ಒಂದು ಬಹುಮತವಲ್ಲದ ಗೆಲುವು. ಕೊನೆಗೆ ಹಿಲರಿಗೆ ಮೂರು, ಟ್ರಂಪ್‌ಗೆ ಒಂದು. ಮೂರನ್ನೂ ಬಹುಮತ ಅಂತ ಬರೆದರೆ ನಾನು ಸುಳ್ಳು ಹೇಳಿದಂತೆ.

ಇಲ್ಲಿ "ಕ್ಷೇತ್ರ" ಅನ್ನುವ ಪದಕ್ಕೂ ಎರಡು ಮಾತು. ಇಂಗ್ಲಿಷಿನ ಡಿಸ್ಟ್ರಿಕ್ಟ್ ನೋಡಿ "ಮೇನ್‌ನ 2ನೇ ಜಿಲ್ಲೆ" ಅಂತ ಬರೆದಿರುವುದನ್ನು ನೋಡಿದ್ದೇನೆ. ಅದು ತಪ್ಪು. ಮೇನ್‌ನಲ್ಲಿ 16 ಕೌಂಟಿಗಳಿವೆ, ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಅವು. ಹಾಗಂತ ಅಮೆರಿಕದ ಸಂಸತ್ತಿನ ಹೆಸರು ಹಿಡಿದು "ಕಾಂಗ್ರೆಸ್ ಕ್ಷೇತ್ರ" ಅಂದರೆ ನಮ್ಮ ಓದುಗರಿಗೆ ಪಕ್ಷದ ನೆನಪಾಗುತ್ತದೆ. "ಕಾಂಗ್ರೆಸ್ ಕ್ಷೇತ್ರದಲ್ಲಿ ಟ್ರಂಪ್ ಗೆಲುವು" ಅಂದರೆ ಯಾರದೋ ಭದ್ರಕೋಟೆ ಒಡೆದ ಹಾಗೆ ಕೇಳುತ್ತದೆ. ನಾನು ಬರೀ "2ನೇ ಕ್ಷೇತ್ರ" ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಮತ್ತೆ ಮೊದಲಿನ ಪದಕ್ಕೆ ಬರುತ್ತೇನೆ. ಮೇನ್‌ನವರು 2016ರಲ್ಲೇ ಜನಮತಗಣನೆ ಮಾಡಿ ಹೊಸ ಪದ್ಧತಿ ತಂದರು. ಓಟು ಹಾಕುವವರು ಒಬ್ಬರನ್ನೇ ಆರಿಸದೆ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಸಾಲಾಗಿ ಗುರುತು ಮಾಡಬಹುದು. ಯಾರಿಗೂ ಅರ್ಧ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಓಟುಗಳನ್ನು ಮುಂದಿನ ಆಯ್ಕೆಗೆ ಸೇರಿಸಿ ಎಣಿಸುತ್ತಾರೆ. ನಾನು ಇದಕ್ಕೂ ಪದ ಕಟ್ಟಲು ಒದ್ದಾಡುತ್ತಿದ್ದೆ. ಅಪ್ಪ ಓದಿ, "ಇದು ನಮ್ಮ ಶಿಕ್ಷಕರ ಕ್ಷೇತ್ರದ ಓಟಲ್ಲವಾ? ಪ್ರಾಶಸ್ತ್ಯದ ಮತ ಅನ್ನು" ಅಂದರು. ವಿಧಾನ ಪರಿಷತ್ತಿಗೆ ಅವರು ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ 1, 2, 3 ಅಂತ ಬರೆದು ಓಟು ಹಾಕಿದವರು. 1969ರಲ್ಲಿ ವಿ.ವಿ. ಗಿರಿಯವರು ರಾಷ್ಟ್ರಪತಿಯಾದದ್ದೂ ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ. ಪದ ಮನೆಯಲ್ಲೇ ಇತ್ತು, ನಾನು ಹೊರಗೆ ಹುಡುಕುತ್ತಿದ್ದೆ. ತುಂಬಾ ಖುಷಿಯಾಯಿತು.

ಈಗ ತೊಡಕು ಎಲ್ಲಿದೆ ನೋಡಿ. ಮೇನ್‌ನ ಸಂವಿಧಾನದಲ್ಲಿ ಗವರ್ನರ್ ಪ್ಲುರಾಲಿಟಿಯಿಂದ ಗೆಲ್ಲಬೇಕು ಅಂತಲೇ ಇದೆ. ಮೊದಲು ಅರ್ಧ ದಾಟಲೇಬೇಕಿತ್ತು, 1880ರಲ್ಲಿ ತಿದ್ದಿದರು. 2017ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಈ ಪದ ಇರುವ ತನಕ ಗವರ್ನರ್ ಮತ್ತು ರಾಜ್ಯ ಶಾಸಕರ ಸಾರ್ವತ್ರಿಕ ಚುನಾವಣೆಗೆ ಪ್ರಾಶಸ್ತ್ಯದ ಮತ ಹೊಂದುವುದಿಲ್ಲ ಅಂತ ಅಭಿಪ್ರಾಯ ಕೊಟ್ಟಿತು. ಅಧ್ಯಕ್ಷ ಚುನಾವಣೆಗೆ ಆ ಅಡ್ಡಿ ಇಲ್ಲ. 2020ರಲ್ಲಿ ಅಧ್ಯಕ್ಷರ ಆಯ್ಕೆಗೆ ಈ ಪದ್ಧತಿ ಬಳಸಿದ ಮೊದಲ ರಾಜ್ಯ ಮೇನ್. ಹಾಗಾಗಿ ಒಂದೇ ದಿನ, ಒಬ್ಬರೇ ಮತದಾರರು, ಒಂದು ಹುದ್ದೆಗೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಓಟು ಹಾಕುತ್ತಾರೆ. ಕಾರಣ ಸಂವಿಧಾನದ ಒಂದು ಪದ. ಆ ಪದವನ್ನೇ ಕನ್ನಡದಲ್ಲಿ ಬಹುಮತ ಅಂದುಬಿಟ್ಟರೆ ಕೋರ್ಟು ಏನು ಹೇಳಿತು ಅನ್ನುವುದೇ ಉಲ್ಟಾ ಆಗುತ್ತದೆ!

ಎಲ್ಲ ನೋಡಿ ನನ್ನ ಮನಸ್ಸು "ಹೆಚ್ಚುಮತ" ಅನ್ನುವ ಪದದ ಕಡೆ ವಾಲಿದೆ. ಜೋಡಿಸಿ ಬರೆಯುವುದು, ಬಹುಮತದ ಅಚ್ಚಿನಲ್ಲೇ. "ಹೆಚ್ಚುಮತದ ಗೆಲುವು", "ಹೆಚ್ಚುಮತ ಸಾಕು, ಬಹುಮತ ಬೇಕಿಲ್ಲ" ಅಂತೆಲ್ಲ ಸಲೀಸಾಗಿ ಹೇಳಬಹುದು. ನನಗಿರುವ ಅಳುಕು ಒಂದೇ. "ಹೆಚ್ಚು" ಅಂದರೆ ಮಿಕ್ಕಿದ್ದು, ಬೇಕಾದದ್ದಕ್ಕಿಂತ ಜಾಸ್ತಿ ಇರುವುದು ಅನ್ನುವ ಅರ್ಥವೂ ಇದೆ. ಲೆಕ್ಕಕ್ಕೆ ಸಿಗದ ಹೆಚ್ಚುವರಿ ಓಟು ಅಂತ ಯಾರಾದರೂ ತಿಳಿದರೆ? "ಮೇಲ್ಮತ" ಅಂತಲೂ ಯೋಚಿಸಿದೆ. ಆದರೆ ಮೇಲ್ಮನೆ ಅನ್ನುವ ಪದ ಇರುವುದರಿಂದ ಅದು ಪರಿಷತ್ತಿನ ಓಟಿನ ಹಾಗೆ ಕೇಳುತ್ತದೆ. "ಸಾಪೇಕ್ಷ ಬಹುಮತ" ಪಠ್ಯಪುಸ್ತಕಕ್ಕೆ ಸರಿ ಹೋದೀತು. ನಮ್ಮಪ್ಪ ಅದಕ್ಕೂ ಗೆರೆ ಎಳೆಯುತ್ತಾರೆ, ಬಾಲದಲ್ಲಿ ಬಹುಮತ ಇದೆಯಲ್ಲ.

ಇನ್ನೊಂದು ಪದವೂ ಬೇಕಾಗಿದೆ. 2018ರಲ್ಲಿ ಮೇನ್‌ನ 2ನೇ ಕ್ಷೇತ್ರದಿಂದ ಸಂಸತ್ತಿನ ಕೆಳಮನೆಗೆ ಚುನಾವಣೆ ನಡೆದಾಗ ಮೊದಲ ಎಣಿಕೆಯಲ್ಲಿ ಬ್ರೂಸ್ ಪೋಲಿಕ್ವಿನ್ 1,34,184 ಓಟು ಪಡೆದು ಮುಂದಿದ್ದರು. ಜೇರೆಡ್ ಗೋಲ್ಡನ್ 1,32,013. ಕೊನೆಯ ಎಣಿಕೆಯಲ್ಲಿ ಗೋಲ್ಡನ್ 1,42,440, ಪೋಲಿಕ್ವಿನ್ 1,38,931. ಕಣದಲ್ಲಿದ್ದು ಕೈಬಿಟ್ಟುಹೋದ ಇನ್ನಿಬ್ಬರ ಓಟನ್ನೂ ಮೊದಲ ಎಣಿಕೆಗೆ ಕೂಡಿಸಿ ನೋಡಿದರೆ, ಎಂಟು ಸಾವಿರಕ್ಕೂ ಜಾಸ್ತಿ ಓಟು ಮೊದಲಿದ್ದು ಕೊನೆಗೆ ಇಲ್ಲ. ಅವನ್ನು ಹಾಕಿದವರಲ್ಲಿ ಹೆಚ್ಚಿನವರು ಕೊನೆಗೆ ಉಳಿದ ಇಬ್ಬರಲ್ಲಿ ಯಾರಿಗೂ ಗುರುತು ಹಾಕಿರಲಿಲ್ಲ. ಇಂಥ ಓಟು ತಿರಸ್ಕೃತ ಅಲ್ಲ, ಅಸಿಂಧುವೂ ಅಲ್ಲ. ಸರಿಯಾಗಿಯೇ ಹಾಕಿದ್ದು, ಒಂದು ಸುತ್ತು ಎಣಿಕೆಗೂ ಬಂದಿತ್ತು, ಆಮೇಲೆ ಹೋಗಲು ದಾರಿ ಇರಲಿಲ್ಲ. "ಮುಗಿದ ಮತ" ಅಂತ ಬರೆದು ನೋಡಿದೆ, ಮತದಾನ ಮುಗಿದ ಹಾಗಾಯಿತು. ಸದ್ಯಕ್ಕೆ "ಕೊನೆಗೊಂಡ ಮತಪತ್ರ" ಅಂತ ಇದೆ. ಅದೂ ಹಿಡಿಸಿಲ್ಲ.

ಪದವೀಧರರ ಅಥವಾ ಶಿಕ್ಷಕರ ಕ್ಷೇತ್ರದ ಎಣಿಕೆ ಟೇಬಲ್‌ನಲ್ಲಿ ಕೂತವರು ಯಾರಾದರೂ ಇಲ್ಲಿದ್ದೀರಾ? ಮುಂದಿನ ಪ್ರಾಶಸ್ತ್ಯ ಬರೆಯದೆ ಇರುವ ಮತಪತ್ರವನ್ನು ಪಕ್ಕಕ್ಕೆ ಇಡುವಾಗ ನಿಮ್ಮ ಬಾಯಲ್ಲಿ ಯಾವ ಪದ ಬರುತ್ತಿತ್ತು? ಸೊಸೈಟಿ, ಹಾಲಿನ ಡೇರಿ, ಪಂಚಾಯಿತಿ ಚುನಾವಣೆಗಳಲ್ಲಿ ನಾಲ್ಕೈದು ಜನ ನಿಂತು, ಅರ್ಧ ಬಾರದೆ ಒಬ್ಬರು ಗೆದ್ದಾಗ ನಿಮ್ಮ ಊರಿನಲ್ಲಿ ಹೇಗೆ ಹೇಳುತ್ತಾರೆ? ಧಾರವಾಡದ ಕಡೆ, ಕರಾವಳಿ ಕಡೆ ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ. ಇದೇ ತಿಂಗಳು ಕರಡು ಒಪ್ಪಿಸಬೇಕು. ಅಪ್ಪ ಗೆರೆ ಎಳೆದ ಆ ನಾಲ್ಕನೇ ಸಾಲು ಈಗ "ಶೇ 38.77ರಷ್ಟು ಮತ ಪಡೆದು ಹೆಚ್ಚುಮತದಿಂದ ಗೆದ್ದರು" ಅಂತ ಇದೆ.