‘ಆನುವಂಶಿಕ ಗುರುತು’ ಬಿಟ್ಟು ಬೇರೆ ಪದ ಇದೆಯೇ?

ಗೆಳೆಯರೇ,

ಕ್ಯಾನ್ಸರ್ ರೋಗಿಗಳಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಂದು ಪುಟ ಪೂರ್ತಿ, ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶಗಳನ್ನು ಪತ್ತೆ ಮಾಡುವುದರ ಬಗ್ಗೆ. ‘ಜೆನೆಟಿಕ್ ಮಾರ್ಕರ್’ ಅನ್ನುವ ಮಾತು ಐದಾರು ಸಲ ಬರುತ್ತದೆ. ನಾನು ಸುಮ್ನೆ ‘ಆನುವಂಶಿಕ ಗುರುತು’ ಎಂದು ಬರೆದುಬಿಟ್ಟೆ.

ಕರಡನ್ನು ಚಿಕ್ಕಮ್ಮನಿಗೆ ಕೊಟ್ಟೆ. ಅವರು ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡವರು. ಸರಾಗವಾಗಿ ಓದುತ್ತಿದ್ದವರು ಆ ಸಾಲಿಗೆ ಬಂದು ನಿಂತರು. ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದರು: “ಅಲ್ವೋ, ಹಾಗಾದ್ರೆ ಇದು ನನ್ನ ಮಗಳಿಗೂ ಬರುತ್ತಾ?”

ಮೂಲದಲ್ಲಿ ಅಂಥದ್ದೇನೂ ಇಲ್ಲ. ತಪ್ಪು ನನ್ನ ಪದದ್ದು.

ಇಲ್ಲಿ ಮಾರ್ಕರ್ ಅಂದರೆ ಏನು ನೋಡಿ. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಆದರೆ ಒಂದೊಂದು ಕೋಶವೂ ತನಗೆ ಬೇಕಾದಷ್ಟನ್ನೇ ಕೆಲಸಕ್ಕೆ ಹಚ್ಚುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಟೈರೋಸಿನೇಸ್ ಎಂಬ ಜೀನ್ ದುಡಿಯುತ್ತದೆ, ರಕ್ತದ ಕೋಶಗಳಿಗೆ ಅದರ ಗೊಡವೆ ಇಲ್ಲ. ಹಾಗಾಗಿ ಆ ಜೀನ್ ಬರೆದ ‘ಓಲೆ’, ಅಂದರೆ ಆರ್‌ಎನ್‌ಎ, ರಕ್ತದಲ್ಲಿ ಸಿಕ್ಕಿದರೆ ಬಣ್ಣದ ಕೋಶವೊಂದು ಅಲ್ಲಿಗೆ ಬಂದಿರಬೇಕು ಅಂತ ಲೆಕ್ಕ. ಮೆಲನೋಮ, ಅಂದರೆ ಈ ಬಣ್ಣದ ಕೋಶಗಳಿಗೇ ಬರುವ ಕ್ಯಾನ್ಸರ್, ಇದ್ದವರ ರಕ್ತದಲ್ಲಿ 1991ರಲ್ಲಿ ಇದನ್ನು ಹಿಡಿದು ತೋರಿಸಿದರು. ಬಳಸಿದ್ದು ಕೋವಿಡ್ ಕಾಲದಲ್ಲಿ ನಮಗೆಲ್ಲ ಬಾಯಿಪಾಠವಾದ ಅದೇ ಆರ್‌ಟಿ-ಪಿಸಿಆರ್. ಇದರಲ್ಲಿ ವಂಶದ ಮಾತೆಲ್ಲಿ ಬಂತು?

‘ವಂಶವಾಹಿ ಗುರುತು’ ಅಂದರೂ ಅದೇ ಕತೆ, ಪದದ ಹೊಟ್ಟೆಯಲ್ಲೇ ವಂಶ ಕೂತಿದೆ. ಕೆಲವರು ‘ತಳಿ ಗುರುತು’ ಬರೆಯುತ್ತಾರೆ. ನನಗೆ ತಳಿ ಅಂದ ಕೂಡಲೇ ಹಳ್ಳಿಕಾರ್ ಎತ್ತು, ಇಂಡಾಫ್ ರಾಗಿ ನೆನಪಾಗುತ್ತವೆ. ಹಾಗಾಗಿ ‘ಜೀನ್’ ಎಂದೇ ಇಟ್ಟುಕೊಳ್ಳೋಣ ಅಂದುಕೊಂಡಿದ್ದೇನೆ. ನಿಜವಾಗಿಯೂ ತಂದೆತಾಯಿಯಿಂದ ಬರುವ, ಸ್ತನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷದಂಥದ್ದಕ್ಕೆ ಮಾತ್ರ ‘ಆನುವಂಶಿಕ’ ಮೀಸಲಿಟ್ಟರೆ ಗೊಂದಲ ಇರುವುದಿಲ್ಲ, ಅಲ್ವಾ?

ಇನ್ನು ‘ಗುರುತು’. ಗುರುತು ಅಂದರೆ ಖಚಿತ ಎಂಬ ಧ್ವನಿ ಇದೆ. ಪರೀಕ್ಷೆ ಅಷ್ಟು ಖಚಿತ ಅಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕೋಶಗಳು, ಲಕ್ಷಗಟ್ಟಲೆ ಬಿಳಿ ಕೋಶಗಳು. ಅದರೊಳಗೆ ಹುಡುಕುತ್ತಿರುವುದು ಬೆರಳೆಣಿಕೆಯಷ್ಟನ್ನು. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಲ್‌ಸರ್ಚ್ ಪರೀಕ್ಷೆ ಕೋಶದ ಮೈಮೇಲಿನ ಪ್ರೋಟೀನ್ ಹಿಡಿದು ಎಣಿಸುತ್ತದೆ. ಅದರಲ್ಲಿ, ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇರುವವರ 7.5 ಮಿಲಿಲೀಟರ್ ರಕ್ತದಲ್ಲಿ 5 ಕೋಶ ಸಿಕ್ಕರೇ ಅದು ಜಾಸ್ತಿ ಅಂತ ಲೆಕ್ಕ! ಜೀನ್ ಓಲೆ ಹುಡುಕುವ ದಾರಿಯಲ್ಲಿ ಬೇರೆ ತೊಡಕು. ಸ್ತನದಂಥ ಅಂಗಗಳ ಕ್ಯಾನ್ಸರ್ ಕೋಶ ಹುಡುಕಲು ಬಳಸುವ ಕೆರಾಟಿನ್ ಜೀನ್‌ಗಳ ಓಲೆ ಆರೋಗ್ಯವಂತರ ರಕ್ತದಲ್ಲೂ ಒಮ್ಮೊಮ್ಮೆ ಚೂರು ಕಾಣುತ್ತದೆ. ಸೂಜಿ ಚುಚ್ಚುವಾಗ ಚರ್ಮದ ಕೋಶ ಸೇರಿಕೊಂಡರೂ ಮೋಸ ಹೋಗಬಹುದು. ಅದಕ್ಕೇ ಮೊದಲು ಬಂದ ರಕ್ತವನ್ನು ಈ ಪರೀಕ್ಷೆಗೆ ಬಳಸದೆ ಪಕ್ಕಕ್ಕಿಡುವ ರೂಢಿ ಇದೆ. ಇಷ್ಟೆಲ್ಲ ಇರುವಾಗ ‘ಸುಳಿವು’ ಅನ್ನುವುದೇ ಪ್ರಾಮಾಣಿಕ ಪದ ಅನ್ನಿಸುತ್ತದೆ.

ಕೋಶದ ಹೆಸರಿನದ್ದೂ ತಲೆನೋವು. ಇಂಗ್ಲಿಷಿನಲ್ಲಿ ಅದು ‘ಸರ್ಕ್ಯುಲೇಟಿಂಗ್ ಟ್ಯೂಮರ್ ಸೆಲ್’, ಅಂದರೆ ರಕ್ತದಲ್ಲಿ ಸುತ್ತುವ ಗಡ್ಡೆಯ ಕೋಶ. ಚಿಕ್ಕದಾಗಿ ‘ಸಿಟಿಸಿ’ ಎಂದೇ ಬಿಡೋಣ ಅಂದರೆ ಬೆಂಗಳೂರಿನವರಿಗೆ ಅದು ಸಂಬಳ, ಅಂಗಡಿಯಲ್ಲಿ ಟೀ ಪುಡಿ. ‘ಚಲಾವಣೆಯ ಕೋಶ’ ಅಂದರೆ ನೋಟಿನ ಹಾಗಾಯಿತು. ‘ಅಲೆಮಾರಿ ಕೋಶ’ ಕಿವಿಗೆ ಚೆನ್ನಾಗಿದೆ, ಆದರೆ ಒಂದು ಬದುಕಿನ ರೀತಿಯ ಹೆಸರನ್ನು ರೋಗಕ್ಕೆ ಅಂಟಿಸಲು ನನಗೆ ಮನಸ್ಸಿಲ್ಲ. ‘ಗಡ್ಡೆ ಕೋಶ’ ಅಂದರೆ ಆಲೂಗಡ್ಡೆ, ಸುವರ್ಣಗಡ್ಡೆ ಎದ್ದು ಬರುತ್ತವೆ. ಹಳೆಯ ಬರಹಗಳಲ್ಲಿ ಕ್ಯಾನ್ಸರ್‌ಗೆ ‘ಏಡಿಗಂತಿ’ ಅನ್ನುತ್ತಿದ್ದರು. ಅದರಿಂದ ‘ಗಂತಿ’ಯನ್ನು ಎತ್ತಿಕೊಂಡು ಸದ್ಯಕ್ಕೆ ‘ರಕ್ತಕ್ಕಿಳಿದ ಗಂತಿಕೋಶ’ ಎಂದು ಬರೆದಿದ್ದೇನೆ. ಗಡ್ಡೆಯಿಂದ ಕಳಚಿಕೊಂಡು ಬಂದದ್ದು ಅನ್ನುವುದು ‘ಇಳಿದ’ದಲ್ಲಿ ಸಿಗುತ್ತದೆ, ‘ಸುತ್ತುವ’ದಲ್ಲಿ ಸಿಗುವುದಿಲ್ಲ. ಆದರೆ ‘ಗಂತಿ’ ಈಗ ಎಷ್ಟು ಜನರಿಗೆ ಗೊತ್ತು? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಮೈಮೇಲಿನ ಗಂಟಿಗೆ ಮನೆಯಲ್ಲಿ ಏನನ್ನುತ್ತೀರಿ, ಹೇಳಿ.

ತಿದ್ದಿದ ಪುಟವನ್ನು ನಿನ್ನೆ ಮತ್ತೆ ಚಿಕ್ಕಮ್ಮನಿಗೆ ತೋರಿಸಿದೆ. ಈ ಸಲ ಮಗಳ ಮಾತು ಬರಲಿಲ್ಲ. ‘ಜೀನ್ ಸುಳಿವು’ ಹತ್ತಿರ ಮಾತ್ರ ತಲೆ ಎತ್ತಿದರು. “ಸುಳಿವು ಅಂದ್ರೆ ಪೊಲೀಸ್ನೋರು ಹುಡುಕ್ತಾರಲ್ಲ, ಅದಲ್ವೇನೋ?”

ಹೌದು ಅಂದೆ. “ಹಂಗಾದ್ರೆ ಇರ್ಲಿ ಬಿಡು” ಅಂದರು. ನೀವೇನಂತೀರಿ?