ಕಾಕಾ ಕಳಿಸಿದ ಕಷಾಯ, ಮಾವ ತಗೊಂಡ ಸೂಜಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ಹಳೇ ಮನಿ ಬಳಗ'. ಅರ್ಧ ಜನ ಕಲಬುರಗಿಯಲ್ಲೇ ಇದ್ದಾರೆ, ಉಳಿದವರು ಬೀದರ್, ಯಾದಗಿರಿ ಕಡೆ. ಮೊನ್ನೆ ಭಾನುವಾರ ಅಲ್ಲಿ ನಡೆದದ್ದನ್ನು ಇಲ್ಲಿ ಇಳಿಸಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆಯೇ ಇವೆ. ಶುಭೋದಯದ ಗುಲಾಬಿ ಹೂವುಗಳನ್ನು ಮಾತ್ರ ತೆಗೆದಿದ್ದೇನೆ. ಒಟ್ಟು 14 ಇದ್ದವು.

ಬೆಳಗ್ಗೆ 7:10

ಶಹಾಬಜಾರ್ ಕಾಕಾ: (ಬಹಳ ಸಲ ಫಾರ್ವರ್ಡ್ ಆದದ್ದು) ಎಲ್ಲರೂ ತಪ್ಪದೇ ಓದಿ!! ಜಪಾನ್ ವಿಜ್ಞಾನಿಗಳು ಕಂಡುಹಿಡಿದ ಇಂಟರ್ಫೆರಾನ್ ಎಂಬ ಅಮೃತ ನಿಮ್ಮ ಮೈಯಲ್ಲೇ ಇದೆ. ಅಮೃತಬಳ್ಳಿ, ಅರಿಶಿನ, ಪಪ್ಪಾಯಿ ಎಲೆ ಕುದಿಸಿ ಖಾಲಿ ಹೊಟ್ಟೆಗೆ 3 ದಿನ ಕುಡಿಯಿರಿ. ಇಂಟರ್ಫೆರಾನ್ 10 ಪಟ್ಟು, ಪ್ಲೇಟ್‌ಲೆಟ್ ದುಪ್ಪಟ್ಟು. ಡೆಂಗಿ ಹತ್ತಿರ ಸುಳಿಯದು. ಆಸ್ಪತ್ರೆ ಬೇಡ. 10 ಜನರಿಗೆ ಕಳಿಸಿ.

ಬೀದರ್ ಅತ್ತೆ: ಬಹಳ ಚಲೋ ಮಾಹಿತಿ ಅಣ್ಣ. ನಮ್ಮ ಭಜನೆ ಗುಂಪಿಗೂ ಹಾಕಿದೆ.

ಸೇಡಂ ರೋಡ್ ವೈನಿ: ಕಾಕಾ, ಇದು ನಿನ್ನೆಯೇ ನಮ್ಮ ಓಣಿ ಗುಂಪಿನಲ್ಲಿ ಬಂದಿತ್ತು. ಚಿಕ್ಕವನಿಗೆ ಶುಕ್ರವಾರ ಸಂಜೆಯಿಂದ ಜ್ವರ. 102 ಇದೆ. ಕಣ್ಣಿನ ಹಿಂದೆ ನೋಯುತ್ತದೆ ಅನ್ನುತ್ತಾನೆ. ರಾತ್ರಿಯಿಂದ ಇದೇ ಕಷಾಯ ಕೊಡುತ್ತಿದ್ದೇನೆ. ಎರಡು ಸಲ ವಾಂತಿ ಮಾಡಿದ. ಕಹಿಗೆ ಇರಬೇಕು.

ಲ್ಯಾಬ್ ತಂಗಿ: ವೈನಿ, ಕಷಾಯ ನಿಲ್ಲಿಸಿ. ಇವತ್ತೇ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಮೊದಲ 5 ದಿನದೊಳಗೆ ಮಾಡಿಸಿದರೇ ಸರಿಯಾಗಿ ಗೊತ್ತಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮನೆಯಲ್ಲಿರುವ ಬೇರೆ ನೋವಿನ ಗುಳಿಗೆ ಕೊಡಬೇಡಿ, ರಕ್ತಸ್ರಾವದ ಅಪಾಯ ಜಾಸ್ತಿ ಆಗುತ್ತದೆ.

ಶಹಾಬಜಾರ್ ಕಾಕಾ: ಅಂದರೆ ನಾನು ಸುಳ್ಳು ಹೇಳಿದೆನಾ? ಇಂಟರ್ಫೆರಾನ್ ಅನ್ನುವುದೇ ಇಲ್ಲವಾ?

ಲ್ಯಾಬ್ ತಂಗಿ: ಇದೆ ಕಾಕಾ. ಅದು ಇರುವುದಕ್ಕೇ ಈ ಮೆಸೇಜು ಇಷ್ಟು ಓಡುತ್ತಿದೆ.

(ತಂಗಿ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದಿದವಳು. ಕಾಕಾಗೆ ಮಾತ್ರ ಅವಳು ಇನ್ನೂ ಲಂಗ ಹಾಕಿಕೊಂಡು ಶರಣಬಸವೇಶ್ವರ ಜಾತ್ರೆಯಲ್ಲಿ ಕಳೆದುಹೋಗಿದ್ದ ಹುಡುಗಿಯೇ.)

ಲ್ಯಾಬ್ ತಂಗಿ: 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್, ಲಿಂಡನ್‌ಮನ್ ಅಂತ ಇಬ್ಬರು ಕೋಳಿ ಮೊಟ್ಟೆಯ ಒಳಪೊರೆ ತೆಗೆದು, ಕಾಯಿಸಿ ಸಾಯಿಸಿದ ಫ್ಲೂ ವೈರಸ್ಸಿನ ಜೊತೆ ಇಟ್ಟರು. ಆಮೇಲೆ ಆ ದ್ರವವನ್ನು ಬೇರೆ ಪೊರೆಗೆ ಹಾಕಿದರು. ಆ ಪೊರೆಯಲ್ಲಿ ಜೀವಂತ ವೈರಸ್ಸು ಬಿಟ್ಟರೂ ಸರಿಯಾಗಿ ಬೆಳೆಯಲಿಲ್ಲ. ದ್ರವದಲ್ಲಿ ಏನೋ ಅಡ್ಡ ಬರುತ್ತಿತ್ತು. ಅಡ್ಡ ಬರುವುದು ಅನ್ನುವ ಇಂಗ್ಲಿಷ್ ಮಾತಿನಿಂದಲೇ ಇಂಟರ್ಫೆರಾನ್ ಅಂತ ಹೆಸರಿಟ್ಟರು.

ಶಹಾಬಜಾರ್ ಕಾಕಾ: ಜಪಾನ್ ಅಂತ ಇದೆಯಲ್ಲ ಇಲ್ಲಿ.

ಲ್ಯಾಬ್ ತಂಗಿ: ಅದು ಪೂರ್ತಿ ತಪ್ಪಲ್ಲ. 1954ರಲ್ಲೇ ನಾಗಾನೊ, ಕೊಜಿಮಾ ಎಂಬ ಜಪಾನಿನವರು ಮೊಲಗಳಲ್ಲಿ ಇಂಥದ್ದನ್ನೇ ಕಂಡಿದ್ದರು.

ಶಹಾಬಜಾರ್ ಕಾಕಾ: ಮತ್ತೆ!

(ಕಾಕಾ 'ಮತ್ತೆ!' ಅಂದರೆ ಕೇಸು ಗೆದ್ದ ಹಾಗೆ. ಇದಾದ ಮೇಲೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಉಪ್ಪಿಟ್ಟಿನ ಹೊತ್ತು.)

ಬೆಳಗ್ಗೆ 8:25

ಬೀದರ್ ಅತ್ತೆ: ನನಗೆ ತಿಳಿಯುವ ಹಾಗೆ ಹೇಳು ಕೂಸೇ. ಅದು ವೈರಸ್ಸನ್ನು ಕೊಲ್ಲುತ್ತದಾ?

ಲ್ಯಾಬ್ ತಂಗಿ: ತಾನಾಗಿ ಕೊಲ್ಲುವುದಿಲ್ಲ ಅತ್ತೆ. ಸುದ್ದಿ ಮುಟ್ಟಿಸುತ್ತದೆ. ಕಾಕಾ, ಚಿತ್ತಾಪುರದ ನಿಮ್ಮ ತೊಗರಿ ಹೊಲದ ಮಾತೇ ತೆಗೆದುಕೊಳ್ಳಿ. ಹೂ ಬಿಟ್ಟಾಗ ಕಾಯಿಕೊರಕ ಬಿತ್ತು ಅಂತ ಇಟ್ಟುಕೊಳ್ಳಿ. ಮೊದಲು ಹುಳ ಕಂಡವನು ಪಕ್ಕದ ಹೊಲದವರಿಗೆಲ್ಲ ಫೋನ್ ಮಾಡುತ್ತಾನೆ. ಅವನ ಬೆಳೆ ಹೋಗಿರಬಹುದು, ಪಕ್ಕದವರು ಹುಷಾರಾಗುತ್ತಾರೆ. ಆ ಫೋನೇ ಇಂಟರ್ಫೆರಾನ್. ವೈರಸ್ಸು ಹೊಕ್ಕ ಕೋಶ ಈ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದು ನೆರೆಯ ಕೋಶಗಳಿಗೆ ಅಂಟಿಕೊಂಡ ಕೂಡಲೇ ಅವುಗಳಲ್ಲಿ ನೂರಾರು ಜೀನುಗಳು ಎದ್ದು ಕೂರುತ್ತವೆ. ಒಂದು ಪ್ರೋಟೀನ್ ವೈರಸ್ಸಿನ ಆರ್‌ಎನ್‌ಎ ಕತ್ತರಿಸುತ್ತದೆ. ಇನ್ನೊಂದು ಕೋಶದ ಕಾರ್ಖಾನೆಯನ್ನೇ ಸ್ವಲ್ಪ ಹೊತ್ತು ಬಂದ್ ಮಾಡಿಸುತ್ತದೆ. ವೈರಸ್ಸಿಗೆ ಸ್ವಂತ ಕಾರ್ಖಾನೆ ಇಲ್ಲ, ನಮ್ಮದು ಬಂದ್ ಆದರೆ ಅದರ ಮರಿಗಳೂ ಹುಟ್ಟುವುದಿಲ್ಲ.

ಶಹಾಬಜಾರ್ ಕಾಕಾ: ಹಾಗಾದರೆ ಫೋನು ಜಾಸ್ತಿ ಹೋದಷ್ಟೂ ಒಳ್ಳೆಯದು. ಮೆಸೇಜಿನಲ್ಲಿ ಅದನ್ನೇ ಹೇಳಿದ್ದಾರೆ.

ಲ್ಯಾಬ್ ತಂಗಿ: ಹುಳ ಇಲ್ಲದಿದ್ದರೂ ದಿನಾ ಔಷಧಿ ಹೊಡೆಯುತ್ತೀರಾ ನೀವು?

ಶಹಾಬಜಾರ್ ಕಾಕಾ: ಹೊಡೆದರೆ ಹೂವೇ ಉದುರುತ್ತದೆ. ಅದು ಬೇರೆ, ಇದು ಬೇರೆ.

ಲ್ಯಾಬ್ ತಂಗಿ: ಬೇರೆ ಅಲ್ಲ. ಇನ್ನೊಂದು ಮಾತು. ಡೆಂಗಿ ವೈರಸ್ಸು ಈ ಫೋನಿನ ತಂತಿಯನ್ನೇ ಕತ್ತರಿಸುತ್ತದೆ. ಕೋಶದೊಳಗೆ ಸುದ್ದಿ ಒಯ್ಯುವ ಸ್ಟ್ಯಾಟ್2 ಎಂಬ ಪ್ರೋಟೀನನ್ನು ಹಾಳು ಮಾಡಿಬಿಡುತ್ತದೆ. ತಂತಿ ಕತ್ತರಿಸಿದ ಮೇಲೆ ಎಷ್ಟು ಸಲ ಫೋನ್ ಮಾಡಿದರೇನು?

(ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆಗ ಯಾದಗಿರಿ ಮಾವ ಟೈಪ್ ಮಾಡುತ್ತಿದ್ದಾರೆ ಅಂತ ಕಾಣಿಸಿತು. ಹುಟ್ಟುಹಬ್ಬಕ್ಕೆ ಒಂದು ಕೈ ಮುಗಿದ ಚಿತ್ರ ಹಾಕುವುದು ಬಿಟ್ಟರೆ ಮಾವ ಗುಂಪಿನಲ್ಲಿ ಬಾಯಿ ಬಿಟ್ಟವರೇ ಅಲ್ಲ. ಟೈಪ್ ಮಾಡುತ್ತಲೇ ಇದ್ದರು. ನಾನು ಚಹಾ ಮಾಡಿಕೊಂಡು ಬಂದೆ. ಇನ್ನೂ ಟೈಪ್ ಮಾಡುತ್ತಿದ್ದರು.)

ಯಾದಗಿರಿ ಮಾವ: ನಾನು ಆ ಇಂಟರ್ಫೆರಾನ್ ಸೂಜಿ ತಗೊಂಡವನು. 2011ರಲ್ಲಿ. ಆಗ ಕಾಮಾಲೆ ಅಂತ ನಿಮಗೆಲ್ಲ ಹೇಳಿದ್ದೆ. ಅದು ಹೆಪಟೈಟಿಸ್ ಸಿ, ಲಿವರಿಗೆ ಬರುವ ವೈರಸ್ ರೋಗ. ಬೈಕ್ ಬಿದ್ದಾಗ ಹಾಕಿಸಿಕೊಂಡ ರಕ್ತದಿಂದ ಬಂದಿರಬಹುದು ಅಂದರು. ವಾರಕ್ಕೊಂದು ಸೂಜಿ, ಹೊಟ್ಟೆಯ ಚರ್ಮಕ್ಕೆ. 24 ವಾರ. ಜೊತೆಗೆ ದಿನಾ ಗುಳಿಗೆ. ಶನಿವಾರ ರಾತ್ರಿ ಚುಚ್ಚಿಸಿಕೊಳ್ಳುತ್ತಿದ್ದೆ, ಭಾನುವಾರ ಪೂರ್ತಿ ಚಳಿಜ್ವರ, ಮೈಯೆಲ್ಲ ಜಜ್ಜಿದ ಹಾಗೆ. ವೈರಸ್ಸಿನಿಂದ ಅಲ್ಲ, ಆ ಸೂಜಿಯಿಂದಲೇ. ಫ್ಲೂ ಬಂದಾಗ ನಮಗೆ ಮೈಕೈ ನೋಯುವುದರಲ್ಲೂ ಇದೇ ಪ್ರೋಟೀನಿನ ಪಾಲು ಇದೆ ಅಂತ ಡಾಕ್ಟರು ಹೇಳಿದರು. ಕೂದಲು ಉದುರಿತು. ಕಾರಣವಿಲ್ಲದೆ ಅಳು ಬರುತ್ತಿತ್ತು. ನಿಮ್ಮ ಅತ್ತೆಯ ಜೊತೆ ಸುಮ್ನೆ ಜಗಳ ಆಡುತ್ತಿದ್ದೆ. ಮನಸ್ಸು ಕುಗ್ಗುವುದೂ ಅದರದೇ ಕೆಲಸ ಅಂತ ಆಮೇಲೆ ತಿಳಿಯಿತು.

ಯಾದಗಿರಿ ಮಾವ: ಇನ್ನೊಂದು. ಆ ಸೂಜಿಗೆ ನನ್ನ ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಅದಕ್ಕೇ ಮೇಲಿಂದ ಮೇಲೆ ರಕ್ತ ಪರೀಕ್ಷೆ. ನಿಮ್ಮ ಮೆಸೇಜಿನಲ್ಲಿ ಇಂಟರ್ಫೆರಾನೂ ಏರುತ್ತದೆ, ಪ್ಲೇಟ್‌ಲೆಟ್ಟೂ ಏರುತ್ತದೆ. ಅದು ಹೇಗೆ ಭಾವ?

(ಇದು ನನಗೂ ಹೊಳೆದಿರಲಿಲ್ಲ. ತಂಗಿಗೂ ಹೊಳೆದಿರಲಿಲ್ಲ ಅಂತ ಆಮೇಲೆ ಒಪ್ಪಿಕೊಂಡಳು. ಓದಿದವಳಿಗಿಂತ ಅನುಭವಿಸಿದವರಿಗೆ ಬೇಗ ಕಂಡಿತು.)

ಬೀದರ್ ಅತ್ತೆ: ಅಯ್ಯೋ ತಮ್ಮಾ. ನಮಗೆ ಒಂದು ಮಾತು ಹೇಳಲಿಲ್ಲ ನೀನು.

ಯಾದಗಿರಿ ಮಾವ: ಈಗ ಆ ರೋಗಕ್ಕೆ ಸೂಜಿಯೇ ಬೇಡವಂತೆ. ಬಹಳ ಜನರಿಗೆ 12 ವಾರದ ಗುಳಿಗೆ ಸಾಕಂತೆ. ನನ್ನದು ಸ್ವಲ್ಪ ಬೇಗ ಬಂತು.

ಶಹಾಬಜಾರ್ ಕಾಕಾ: ನಿನ್ನದು ಸೂಜಿ, ಇದು ಗಿಡಮೂಲಿಕೆ. ಕೋವಿಡ್‌ನಲ್ಲಿ ನಾವೆಲ್ಲ ಕಷಾಯ ಕುಡಿದೇ ಉಳಿದವರು. ದೇಶದ ಮೊದಲ ಸಾವು ಇದೇ ಊರಿನಲ್ಲಿ ಆದದ್ದು ಮರೆತಿರಾ? 2020ರ ಮಾರ್ಚ್. ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ.

ಲ್ಯಾಬ್ ತಂಗಿ: ಮರೆತಿಲ್ಲ ಕಾಕಾ. ನೀವು ಮನೆಯಿಂದ ಹೊರಗೆ ಕಾಲಿಡಲಿಲ್ಲ, ಅದಕ್ಕೆ ಉಳಿದಿರಿ. ಅದೇ ವರ್ಷ ಬಂದ ಒಂದು ಅಧ್ಯಯನ ಹೇಳುತ್ತೇನೆ. ಕೋವಿಡ್‌ನಿಂದ ಪ್ರಾಣಕ್ಕೇ ಕುತ್ತು ಬಂದಿದ್ದ 987 ಜನರ ರಕ್ತ ನೋಡಿದರು. ಅವರಲ್ಲಿ 101 ಜನರ ಮೈ ತನ್ನದೇ ಇಂಟರ್ಫೆರಾನನ್ನು ತಡೆಯುವ ಪ್ರತಿಕಾಯ (ಆಂಟಿಬಾಡಿ) ಕಟ್ಟಿಕೊಂಡಿತ್ತು. 101ರಲ್ಲಿ 95 ಜನ ಗಂಡಸರು. ಅಂದರೆ ಈ ಸುದ್ದಿ ಮೊದಲೇ ಮುಟ್ಟದಿದ್ದರೆ ಕಷ್ಟ, ನಿಜ. ಆದರೆ ಅದನ್ನು ನೋಡಿ ಆಸ್ಪತ್ರೆ ಸೇರಿದವರಿಗೆ ಇಂಟರ್ಫೆರಾನ್ ಸೂಜಿ ಕೊಟ್ಟರೆ? ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ ಸಾವು ಕಡಿಮೆ ಆಗಲಿಲ್ಲ. ಹುಳ ಕಾಯಿ ತಿಂದು ಮುಗಿಸಿದ ಮೇಲೆ ಫೋನ್ ಮಾಡಿದ ಹಾಗೆ.

ಶಹಾಬಜಾರ್ ಕಾಕಾ: ತೊಗರಿ ಬಿಡು ಇನ್ನು. ಹುಡುಗ ಹೇಗಿದ್ದಾನೆ? ವೈನಿ ಯಾಕೆ ಮಾತಾಡುತ್ತಿಲ್ಲ?

(ವೈನಿ ಎರಡು ತಾಸಿನಿಂದ ಕಾಣಿಸಿರಲಿಲ್ಲ. ನಾವು ವಾದದಲ್ಲಿ ಅದನ್ನು ಗಮನಿಸಿರಲೇ ಇಲ್ಲ. ಕೇಳಿದ್ದು ಕಾಕಾ. ಅದು ಅವರಿಗೇ ಸಲ್ಲಬೇಕು.)

ಮಧ್ಯಾಹ್ನ 1:40

ಸೇಡಂ ರೋಡ್ ವೈನಿ: ಎನ್‌ಎಸ್‌1 ಪಾಸಿಟಿವ್. ಪ್ಲೇಟ್‌ಲೆಟ್ 1,42,000. ಭರ್ತಿ ಬೇಡ, ನೀರು, ಮಜ್ಜಿಗೆ, ಗಂಜಿ ಚೆನ್ನಾಗಿ ಕುಡಿಸಿ ಅಂದರು. ನಾಳೆ ಮತ್ತೆ ರಕ್ತ ಕೊಡಬೇಕು. ಕಷಾಯ ನಿಲ್ಲಿಸಿದ ಮೇಲೆ ವಾಂತಿ ಆಗಿಲ್ಲ.

ಲ್ಯಾಬ್ ತಂಗಿ: ವೈನಿ, ಜ್ವರ ಇಳಿಯಿತು ಅಂತ ನಿರಾಳ ಆಗಬೇಡಿ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಹುಷಾರಾಗಿರಬೇಕಾದದ್ದು. ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ಬಹಳ ಸುಸ್ತು, ಇದರಲ್ಲಿ ಒಂದು ಕಂಡರೂ ರಾತ್ರಿ ಎಷ್ಟು ಹೊತ್ತಾಗಿದ್ದರೂ ಹೊರಡಿ.

ಶಹಾಬಜಾರ್ ಕಾಕಾ: ಗಾಡಿ ಬೇಕಾದರೆ ನನಗೆ ಫೋನ್ ಮಾಡು. ನಾನು ರಾತ್ರಿ ಮಲಗುವುದೇ ತಡ.

ಬೀದರ್ ಅತ್ತೆ: ಅಣ್ಣಾ, ಭಜನೆ ಗುಂಪಿನಲ್ಲಿ ಹಾಕಿದ್ದು ಅಳಿಸಲು ಹೋದೆ. ನನ್ನ ಫೋನಿನಿಂದ ಮಾತ್ರ ಹೋಯಿತು. ಅವರೆಲ್ಲ ಕುಡಿಯಲು ಶುರು ಮಾಡಿದ್ದಾರೆ.

ಶಹಾಬಜಾರ್ ಕಾಕಾ: ಚಹಾದ ಬದಲು ಕುಡಿಯಲಿ ಬಿಡು. ಜ್ವರ ಬಂದರೆ ಡಾಕ್ಟರಿಗೆ ತೋರಿಸಿ ಅಂತ ಕೆಳಗೆ ಒಂದು ಸಾಲು ಹಾಕು.

(ಕಾಕಾ ಸೋಲು ಒಪ್ಪಿಕೊಳ್ಳುವ ರೀತಿ ಇದು. ಇದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.)

ಲ್ಯಾಬ್ ತಂಗಿ: ಕಷಾಯಕ್ಕಿಂತ ಒಂದು ಒಳ್ಳೆಯ ಕೆಲಸ ಇದೆ. ನಲ್ಲಿ ನೀರು ದಿನಾ ಬರುವುದಿಲ್ಲ ಅಂತ ಎಲ್ಲರ ಮನೆಯಲ್ಲೂ ಡ್ರಮ್ ತುಂಬಿ ಇಡುತ್ತೇವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ, ಕೊಳಚೆಯಲ್ಲಿ ಅಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೆ ತಿಕ್ಕಿ, ಬಟ್ಟೆ ಕಟ್ಟಿದರೆ ಸಾಕು.

ಶಹಾಬಜಾರ್ ಕಾಕಾ: ವೈನಿ ಮನೆಯಲ್ಲಿ ಮೂರು ಡ್ರಮ್ ಇವೆ, ನೋಡಿದ್ದೇನೆ. ಸಂಜೆ 5ಕ್ಕೆ ಹೋಗಿ ಬೋರಲು ಹಾಕಿ ತಿಕ್ಕಿ ಬರೋಣ. ಯಾರು ಯಾರು ಬರುತ್ತೀರಿ?

ಎಲ್ಲರದೂ ನೀಲಿ ಟಿಕ್ ಬಿತ್ತು. ಉತ್ತರ ಒಂದೂ ಬರಲಿಲ್ಲ. 4:50ಕ್ಕೆ ನನ್ನ ಮನೆಯ ಮುಂದೆ ಕಾಕಾನ ಸ್ಕೂಟರಿನ ಹಾರ್ನ್ ಕೇಳಿತು.