ಶ್ರೀರಂಗಪಟ್ಟಣದ ಸುತ್ತ ಕಾವೇರಿ: ಈಜು, ಗಾಳ, ದೋಣಿಗೆ ನೀರು ಹೇಗಿದೆ ಅಂತ ಅಂಕ ಕೊಡುವುದು ಹೇಗೆ?

ಭಾನುವಾರದ ಗುಂಪು, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮದು ಭಾನುವಾರ ಬೆಳಿಗ್ಗೆ ಕಾವೇರಿ ಕಡೆ ಹೋಗುವ ಸಣ್ಣ ಗುಂಪು. ಕೆಲವರಿಗೆ ಈಜು, ಕೆಲವರಿಗೆ ಗಾಳ. ಒಬ್ಬರು ಈಚೆಗೆ ಗಾಳಿ ತುಂಬುವ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಕೊಂಡಿದ್ದಾರೆ. ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ಯಾರೋ "ನೀರು ಸೂಪರ್ ಇದೆ" ಅಂತ ಹಾಕುತ್ತಾರೆ, ಎಲ್ಲರೂ ಹೊರಟುಬಿಡುತ್ತಾರೆ. ಮಕ್ಕಳೂ ಜೊತೆಗಿರುತ್ತಾರೆ, ನನಗೆ ಭಯ. ಅದಕ್ಕೇ ಬಲಮುರಿ, ಪಶ್ಚಿಮವಾಹಿನಿ, ಸಂಗಮ, ಹೀಗೆ ಒಂದೊಂದು ಜಾಗಕ್ಕೂ ಐದಕ್ಕೆ ಇಷ್ಟು ಅಂತ ಅಂಕ ಕೊಡೋಣ ಅಂದುಕೊಂಡಿದ್ದೇನೆ. ಆಳ, ಸೆಳವು, ಸ್ವಚ್ಛತೆ, ಮೂರಕ್ಕೂ ಅಂಕ ಹಾಕಿ ಸರಾಸರಿ ತೆಗೆದರೆ ಸಾಕಾ? ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಒಂದು ಜಾಗಕ್ಕೆ "ಸಿ" ಅಂತ ನೋಡಿದೆ. ಸಿ ಅಂದರೆ ಸುಮಾರಾಗಿದೆ, ಇಳಿಯಬಹುದು ಅಂತಲಾ?

ನದಿ ಪಕ್ಕದ ಮನೆ:

ದಯವಿಟ್ಟು ಸರಾಸರಿ ತೆಗೆಯಬೇಡಿ. ನೀರು ಶುದ್ಧ ಇದೆ, ಐದು. ಆಳ ಕಮ್ಮಿ, ಐದು. ಸೆಳವು ಜಾಸ್ತಿ, ಒಂದು. ಸರಾಸರಿ ಮೂರೂವರೆ ದಾಟಿತು, ಮಕ್ಕಳು ಇಳಿದರು. ಆದರೆ ಎಳೆದುಕೊಂಡು ಹೋಗುವುದು ಆ ಒಂದೇ ಅಂಕ, ಅಲ್ವಾ? ಯಾವುದು ಅತಿ ಕೆಟ್ಟದಿದೆಯೋ ಅದೇ ಆ ಜಾಗದ ಅಂಕ. ಈಜಿಗೆ, ಗಾಳಕ್ಕೆ, ದೋಣಿಗೆ ಬೇರೆ ಬೇರೆ ಅಂಕ ಇರಲಿ.

ಆ "ಸಿ" ವಿಷಯ. ಎ ಇಂದ ಇ ವರೆಗಿನ ವರ್ಗಗಳು ನೀರನ್ನು ಯಾವುದಕ್ಕೆ ಬಳಸಬಹುದು ಅಂತ ಹೇಳುತ್ತವೆ. ಹೊರಗಿನ ಸ್ನಾನಕ್ಕೆ ಇರುವುದು ಬಿ: 100 ಮಿಲಿ ನೀರಿನಲ್ಲಿ ಕೋಲಿಫಾರ್ಮ್ (ಕೊಳಚೆ ಸೇರಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ) 500 ಮೀರಬಾರದು, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು, ಬಿಓಡಿ (ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಸಿ ಅಂದರೆ ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿದ ಮೇಲೆ ಕುಡಿಯಬಹುದು ಅಂತ. ಅದರಲ್ಲಿ ಕೋಲಿಫಾರ್ಮ್ 5000 ತನಕ ಬಿಡುತ್ತಾರೆ. ಹಾಗಾಗಿ ಸಿ ಬಂದರೆ ಮಕ್ಕಳನ್ನು ಮುಳುಗಲು ಬಿಡಬೇಡಿ. ಬಿ ಬಂದರೂ ಸೆಳವಿನ ಬಗ್ಗೆ ಅದು ಒಂದಕ್ಷರ ಹೇಳುವುದಿಲ್ಲ.

ಸೆಳವಿಗೆ ನಾನು ನೋಡುವುದು ಮೇಲಿರುವ ಕೆಆರ್‌ಎಸ್ ಅಣೆಕಟ್ಟಿನ ಲೆಕ್ಕ. ಪತ್ರಿಕೆಯಲ್ಲಿ ಒಳಹರಿವು, ಹೊರಹರಿವು ಬರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೊರಹರಿವಿನಲ್ಲಿ ನಾಲೆಗಳ ಪಾಲೂ ಸೇರಿರಬಹುದು, ನದಿಗೆ ಎಷ್ಟು ಬಿಟ್ಟಿದ್ದಾರೆ ಅಂತ ಬಿಡಿಸಿ ಕೇಳಿ. ಮಟ್ಟ 124.80 ಅಡಿ, ಅಂದರೆ ಅಣೆಕಟ್ಟು ತುಂಬುವ ಮಟ್ಟದ ಹತ್ತಿರ ಇದ್ದು ಕೊಡಗಿನಲ್ಲಿ ಮಳೆ ಹಿಡಿದಿದ್ದರೆ ಯಾವ ಹೊತ್ತಿನಲ್ಲಾದರೂ ಗೇಟ್ ಎತ್ತುತ್ತಾರೆ. ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಬಲಮುರಿಗೆ ಬೇಗ ಬರುತ್ತದೆ, ಸಂಗಮಕ್ಕೆ ತಡವಾಗಿ. ಶನಿವಾರ ರಾತ್ರಿ ಕೊಟ್ಟ ಅಂಕ ಭಾನುವಾರ ಬೆಳಿಗ್ಗೆಗೆ ಹಳೆಯದು.

ಬಲಮುರಿಯ ಕಟ್ಟೆ ನೋಡಲು ಚೆಂದ. ಆದರೆ ನೀರು ಜಾಸ್ತಿ ಇದ್ದಾಗ ಯಾವ ಕಟ್ಟೆಯ ಬುಡದಲ್ಲೂ ಮೇಲಿಂದ ಬಿದ್ದ ನೀರು ಸುತ್ತಿ ಮತ್ತೆ ಗೋಡೆ ಕಡೆಗೇ ಬರುತ್ತದೆ. ಸಿಕ್ಕಿದ ಮರದ ತುಂಡು ಅಲ್ಲೇ ಉರುಳುತ್ತಿರುತ್ತದೆ, ಕೆಳಕ್ಕೆ ಹೋಗುವುದಿಲ್ಲ. ಮನುಷ್ಯನೂ ಅಷ್ಟೇ, ಎಷ್ಟು ಚೆನ್ನಾಗಿ ಈಜು ಬಂದರೂ. ಸಂಗಮದಲ್ಲಿ ದ್ವೀಪದ ಎರಡೂ ಕಡೆಯ ಕವಲು ಕೂಡುವುದರಿಂದ ಸುಳಿ ಏಳುತ್ತದೆ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ತಲೆ ಮುಳುಗುವಷ್ಟಾಗುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ರಂಗನತಿಟ್ಟಿನ ಆಸುಪಾಸಿನಲ್ಲಂತೂ ಇಳಿಯಲೇಬೇಡಿ, ಮೊಸಳೆಗಳು ಪಕ್ಷಿಧಾಮದೊಳಗೇ ಉಳಿಯುವುದಿಲ್ಲ. ನಿಷೇಧದ ಬೋರ್ಡ್ ಇದ್ದ ಕಡೆ ಈಜಿಗೆ ಸೊನ್ನೆ, ಚರ್ಚೆ ಬೇಡ.

ಗಾಳದವನು:

ಮೀನಿನ ಕಡೆಯಿಂದ ಎರಡು ಮಾತು. ಆ ವರ್ಗಗಳಲ್ಲಿ ಮೀನಿಗೆ ಇರುವುದು ಡಿ, ಆಮ್ಲಜನಕ 4 ಇದ್ದರೂ ನಡೆಯುತ್ತದೆ. ಅಂದರೆ ಮೀನು ಚೆನ್ನಾಗಿ ಕಚ್ಚುವ ನೀರು ಈಜಿಗೆ ಯೋಗ್ಯ ಆಗಿರಲೇಬೇಕಿಲ್ಲ.

ಕೆರೆಗಳಿಗೆ ಬೆಳಗಿನ ಜಾವ ಹೋಗಿ ನೋಡಿ. ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಅದು ತೀರಾ ಕಮ್ಮಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆ ಕೆರೆಗೆ ಒಂದು ಅಂಕವೂ ಬೇಡ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿತ್ತು, ನೆನಪಿರಬಹುದು. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ನಾಯಿಯನ್ನೂ ಇಳಿಸಬೇಡಿ, ಅಂಥ ಪಾಚಿಯಲ್ಲಿ ವಿಷ ಇರಬಹುದು.

ಮುಂಗಾರಿನ ಮೊದಲ ನೀರಿಗೆ ಮೀನು ಮೊಟ್ಟೆ ಇಡಲು ಹೊಳೆ ಹತ್ತುತ್ತದೆ. ಹಿಡಿಯಲು ಬಲು ಸುಲಭ, ಅದಕ್ಕೇ ನಾನು ಆಗ ಗಾಳ ಮುಟ್ಟುವುದಿಲ್ಲ. ನಿಮ್ಮ ಪಟ್ಟಿಯಲ್ಲೂ ಆ ವಾರಗಳಿಗೆ ಗಾಳದ ಅಂಕ ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕಾವೇರಿಯ ಬಿಳಿ ಮೀನು, ಆ ದೊಡ್ಡ ಮಹಶೀರ್, ಈಗ ಅಳಿವಿನ ಅಂಚಿನಲ್ಲಿದೆ. ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ. ಸ್ನಾನಘಟ್ಟದಲ್ಲಿ, ಪಕ್ಷಿಧಾಮದಲ್ಲಿ ಗಾಳ ಹಾಕಲೇಬೇಡಿ.

ಗಣೇಶಗುಡಿ ಹುಟ್ಟು:

ನಾನು ಕಾಳಿ ನದಿ ಕಡೆಯವನು. ರ‍್ಯಾಫ್ಟಿಂಗ್‌ನಲ್ಲಿ ರಭಸವನ್ನು 1 ರಿಂದ 6 ಅಂತ ಅಳೆಯುತ್ತೇವೆ, 6 ಅಂದರೆ ಪ್ರಾಣಕ್ಕೇ ಅಪಾಯ. ನಿಮ್ಮ ಪಟ್ಟಿಯಲ್ಲಿ 5 ಒಳ್ಳೆಯದು, ನಮ್ಮಲ್ಲಿ 5 ಅಂದರೆ ಎದೆ ನಡುಗುತ್ತದೆ. ಹೊಸಬರು ತಪ್ಪು ತಿಳಿಯದ ಹಾಗೆ ಪಟ್ಟಿಯ ಮೇಲೇ ಬರೆದುಬಿಡಿ. ಸೂಪಾ ಅಣೆಕಟ್ಟಿನಿಂದ ಬಿಡುವ ನೀರು ಹೆಚ್ಚು ಕಮ್ಮಿ ಆದ ಹಾಗೆ ಒಂದೇ ಜಾಗದ ದರ್ಜೆ ಬದಲಾಗುತ್ತದೆ, ಅದನ್ನು ದಿನಾ ನೋಡುತ್ತೇವೆ.

ಗಾಳಿ ತುಂಬುವ ಕಯಾಕ್ ತುಂಬಾ ಹಗುರ. ನೀರಿಗಿಂತ ಗಾಳಿಯೇ ಅದಕ್ಕೆ ಶತ್ರು. ದಡದಿಂದ ಒಳಕ್ಕೆ ಬೀಸುವ ಗಾಳಿ ಇದ್ದರೆ ಹೋಗುವುದು ಸಲೀಸು, ವಾಪಸ್ ಬರಲು ತೋಳು ಸೋಲುತ್ತದೆ. ಹಿನ್ನೀರಿನಲ್ಲಿ ಬಿಳಿ ನೊರೆ ತಲೆಯ ಅಲೆ ಕಂಡರೆ ನಿಮ್ಮ ಸ್ನೇಹಿತರು ದಡದಲ್ಲೇ ಇರಲಿ. ಹೊಳೆಯಲ್ಲಿ ಅಡ್ಡ ಬಿದ್ದ ಮರ, ಬಿದಿರು ಮೆಳೆ, ಕಟ್ಟಿದ ಬಲೆ ಇದೆಯಾ ಅಂತ ಮೊದಲು ದಡದಿಂದ ನಡೆದು ನೋಡಬೇಕು. ಕೊಂಬೆಗಳ ಸಂದಿಯಲ್ಲಿ ನೀರು ನುಗ್ಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಲೈಫ್ ಜಾಕೆಟ್ ದೋಣಿಯಲ್ಲಿ ಸುಮ್ನೆ ಬಿದ್ದಿರಬಾರದು, ಮೈಮೇಲಿರಬೇಕು.

ಭಾನುವಾರದ ಗುಂಪು, ಮೈಸೂರು:

ತುಂಬಾ ಉಪಕಾರ ಆಯಿತು. ಸಂಗಮದಿಂದ ಸ್ವಲ್ಪ ಕೆಳಗಿನ ಜಾಗಕ್ಕೆ ಹೀಗೆ ಬರೆದಿದ್ದೇನೆ. ನದಿಗೆ ಬಿಡುವ ನೀರು ನಿನ್ನೆಗಿಂತ ಹೆಚ್ಚಾಗಿದೆ, ಬಣ್ಣ ಕೆಂಪು. ಈಜು 0, ದೋಣಿ 0, ಗಾಳ 3. ಸರಿನಾ?

ನದಿ ಪಕ್ಕದ ಮನೆ:

ಮೊದಲಿನ ಎರಡೂ ಸರಿ. ಗಾಳದ 3 ದಡದಲ್ಲಿ ನಿಲ್ಲುವವರಿಗೆ ಮಾತ್ರ ಅಂತ ಬರೆಯಿರಿ. ಅಲ್ಲಿ ಎಲ್ಲರೂ ನದಿ ನಡುವಿನ ಬಂಡೆ ಮೇಲೆ ಹೋಗಿ ಕೂರುತ್ತಾರೆ. ನೀರು ಏರುವಾಗ ಮೊದಲು ಮುಳುಗುವುದು ಬಂಡೆ ಅಲ್ಲ, ಬಂಡೆಗೆ ದಾಟಿ ಹೋದ ದಾರಿ. ಬಂಡೆ ಮೇಲೆ ಗಾಳ 0. ಕಾಲಿನಲ್ಲಿ ಗಾಯ ಇದ್ದವರು ಕೆಸರು ನೀರು ತುಳಿಯಬೇಡಿ, ಮಳೆಗಾಲದಲ್ಲಿ ಇಲಿ ಜ್ವರ ಹಾಗೇ ಹತ್ತುವುದು. ಪಟ್ಟಿಯಲ್ಲಿ ಜಾಗದ ಪಕ್ಕ ನೀರು ನೋಡಿದ ಹೊತ್ತನ್ನೂ ಹಾಕಿ. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಇಲ್ಲೇ ಕೇಳಿ, ನಾನು ಆರು ಗಂಟೆಗೆ ಮೆಟ್ಟಿಲ ಹತ್ತಿರ ಹೋಗಿ ನೋಡಿ ಹೇಳುತ್ತೇನೆ.